ದೇವಲದೇವಿ ಸೇರಿದ ಊರು

ಆರನೆಯ ವಿಕ್ರಮಾದಿತ್ಯನ ಪಾಠವನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ. ಬಸವಕಲ್ಯಾಣದ ಮಗ್ಗುಲಿನ ಹಳ್ಳಿಯೊಂದರಲ್ಲಿ ಹುಟ್ಟಿ, ಬಿ.ಎ., ಬಿ.ಎಡ್. ಮುಗಿಸಿ, ಅದೇ ಸೀಮೆಯ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾ ತಲೆ ನರೆಸಿಕೊಂಡವಳು ನಾನು. ಕಲ್ಯಾಣದ ಚಾಲುಕ್ಯರೆಂದರೆ ನಮಗೆ ಪಠ್ಯಪುಸ್ತಕದ ಅರಸರಿಗಿಂತ ಹೆಚ್ಚಾಗಿ ಊರ ಹಿರಿಯರಿದ್ದ ಹಾಗೆ. 1076ರಲ್ಲಿ ಪಟ್ಟಕ್ಕೆ ಬಂದ, ತನ್ನ ಹೆಸರಿನಲ್ಲೇ ಶಕೆ ನಡೆಸಿದ, ಐವತ್ತು ವರ್ಷ ಆಳಿದ, ಅವನ ಆಸ್ಥಾನದಲ್ಲಿ ಕಾಶ್ಮೀರದ ಬಿಲ್ಹಣನಿದ್ದ, ಮಿತಾಕ್ಷರ ಬರೆದ ವಿಜ್ಞಾನೇಶ್ವರನಿದ್ದ. ಇಷ್ಟು ಹೇಳಿ ಹಲಗೆಯ ಮೇಲೆ ಇಸವಿಗಳನ್ನು ಬರೆಯುವಷ್ಟರಲ್ಲಿ ಗಂಟೆ ಬಾರಿಸುತ್ತದೆ.

ವಿಕ್ರಮಾದಿತ್ಯನು ಇನ್ನೂ ರಾಜಕುಮಾರನಾಗಿದ್ದಾಗಲೇ ಗೌಡ, ಕಾಮರೂಪಗಳವರೆಗೆ, ಅಂದರೆ ಇಂದಿನ ಬಂಗಾಳ ಮತ್ತು ಅಸ್ಸಾಮಿನವರೆಗೆ, ದಂಡೆತ್ತಿ ಹೋಗಿದ್ದನೆಂದು ಬಿಲ್ಹಣ ತನ್ನ ಕಾವ್ಯದಲ್ಲಿ ಹೇಳುತ್ತಾನೆ. ಅದನ್ನೂ ಮಕ್ಕಳಿಗೆ ಹೇಳುತ್ತಿದ್ದೆ. ದಂಡು ಹೋಯಿತು, ಗೆದ್ದಿತು, ಮರಳಿತು. ಹೋದವರೆಲ್ಲ ಮರಳಿ ಬಂದರೇ ಎಂದು ಯಾವ ಹುಡುಗನೂ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಕೇಳಿಕೊಂಡಿರಲಿಲ್ಲ. ಆ ಪ್ರಶ್ನೆ ನನ್ನ ಎದುರಿಗೆ ಬಂದು ನಿಂತದ್ದು ನೇಪಾಳದ ಭಕ್ತಪುರದಲ್ಲಿ.

2022ರ ಡಿಸೆಂಬರಿನಲ್ಲಿ ರಜೆ ಹಾಕಿ ದಿಲ್ಲಿಗೆ, ಮಗಳ ಮನೆಗೆ ಹೋಗಿದ್ದೆ. ನಮ್ಮವರು ತೀರಿಕೊಂಡ ಮೇಲೆ ಮಗಳಿಗೆ ನನ್ನದೊಂದೇ ಚಿಂತೆ. ಫೋನಿನಲ್ಲಿ ಮಾತು ಎಲ್ಲಿಂದ ಶುರುವಾದರೂ ಅಲ್ಲಿಗೇ ಬಂದು ನಿಲ್ಲುತ್ತದೆ.

“ಅವ್ವ, ರಿಟೈರ್ ಆದ ಮ್ಯಾಲ ಅಷ್ಟು ದೊಡ್ಡ ಮನ್ಯಾಗ ಒಬ್ಬಾಕೀನೇ ಏನ್ ಮಾಡ್ತಿ? ನಮ್ಮ ಸಂಗಟ ಬಂದು ಇರು.”

“ನಿಮ್ಮ ದಿಲ್ಲ್ಯಾಗ ನನ್ನ ಮಾತು ಆಡೋರು ಯಾರದಾರ?” ಎನ್ನುತ್ತೇನೆ ನಾನು.

ಈ ಮಾತು ಅವಳಿಗೆ ಚುಚ್ಚುತ್ತದೆಂದು ಗೊತ್ತಿದ್ದೇ ಹೇಳುತ್ತೇನೆ. ಆಗ ಏಳು ತುಂಬಿದ್ದ ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದಿಲ್ಲ. ನನ್ನನ್ನು ‘ನಾನಿ’ ಎಂದು ಕರೆಯುತ್ತಾಳೆ. ‘ಅಜ್ಜಿ ಅನ್ನು’ ಎಂದು ಹತ್ತು ಸಲ ತಿದ್ದಿದೆ. ‘ಅಚ್ಛಾ ನಾನಿ’ ಎಂದು ಓಡಿಹೋದಳು. ನಗಬೇಕೋ ಅಳಬೇಕೋ ನೀವೇ ಹೇಳಿ.

ಆ ವಾರ ಇದೇ ವಿಷಯಕ್ಕೆ ಇಬ್ಬರೂ ಮುಖ ಊದಿಸಿಕೊಂಡು ಕುಳಿತಿದ್ದಾಗ ಅಳಿಯಂದಿರು ಒಂದು ಉಪಾಯ ಮಾಡಿದರು. ಶನಿವಾರ, ಭಾನುವಾರ ನಮ್ಮ ಮೂವರನ್ನೂ ಕಾಠ್ಮಂಡುವಿಗೆ ಕಳಿಸುವುದು. ಪಶುಪತಿನಾಥನ ದರ್ಶನವೂ ಆಯಿತು, ತಾಯಿ ಮಗಳ ರಾಜಿಯೂ ಆಯಿತು ಎಂಬ ಲೆಕ್ಕ. ನನ್ನ ಬಳಿ ಪಾಸ್‌ಪೋರ್ಟ್ ಇರಲಿಲ್ಲ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಕಿಲ್ಲ, ಮತದಾರರ ಗುರುತಿನ ಚೀಟಿಯಾದರೂ ಸಾಕು ಎಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಪ್ರತಿ ಚುನಾವಣೆಯಲ್ಲೂ ಡ್ಯೂಟಿ ಮಾಡಿದ್ದಕ್ಕೆ ಆ ಚೀಟಿಯಿಂದ ಕಡೆಗೊಂದು ಉಪಕಾರವಾಯಿತು ಎಂದುಕೊಂಡೆ.

ಶುಕ್ರವಾರ ಸಂಜೆ ಕಾಠ್ಮಂಡುವಿನಲ್ಲಿ ಇಳಿದಾಗ ಮೊದಲು ಮಾಡಿದ ಕೆಲಸ ಗಡಿಯಾರದ ಮುಳ್ಳನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿದ್ದು. ನೇಪಾಳದ ಹೊತ್ತು ನಮ್ಮದಕ್ಕಿಂತ ಹದಿನೈದೇ ನಿಮಿಷ ಮುಂದು. ನಮ್ಮ ನೂರು ರೂಪಾಯಿಗೆ ಅಲ್ಲಿಯ ನೂರ ಅರವತ್ತು. ಪರದೇಶವೆಂದರೆ ಪರದೇಶ, ಅಲ್ಲವೆಂದರೆ ಅಲ್ಲ ಎನ್ನುವಷ್ಟೇ ಅಂತರ.

ಶನಿವಾರ ಬೆಳಿಗ್ಗೆ ಭಕ್ತಪುರಕ್ಕೆ ಹೊರಟೆವು. ಕಾಠ್ಮಂಡುವಿನಿಂದ ಪೂರ್ವಕ್ಕೆ ಹನ್ನೆರಡು ಹದಿಮೂರು ಕಿಲೋಮೀಟರ್. ಹಳೆಯ ಪಟ್ಟಣದೊಳಗೆ ಕಾಲಿಟ್ಟರೆ ಕೆಂಪು ಇಟ್ಟಿಗೆಯ ಬೀದಿ, ಕೆಂಪು ಇಟ್ಟಿಗೆಯ ಮನೆ, ಕರಿ ಮರದ ಕೆತ್ತನೆಯ ಕಿಟಕಿಗಳು. ಒಂದು ಬಯಲಿನಲ್ಲಿ ಕುಂಬಾರರು ಮಡಕೆಗಳನ್ನು ಸಾಲಾಗಿ ಬಿಸಿಲಿಗಿಟ್ಟಿದ್ದರು. ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಕೆನೆಮೊಸರನ್ನು ಅಲ್ಲಿ ‘ಜುಜು ಧೌ’ ಎನ್ನುತ್ತಾರೆ, ಮೊಸರಿನ ರಾಜ ಎಂದು ಅರ್ಥವಂತೆ. ಮೊಮ್ಮಗಳು ಎರಡು ಕುಡಿಕೆ ಖಾಲಿ ಮಾಡಿದಳು.

ನನ್ನ ಕಣ್ಣು ಹಿಡಿದದ್ದು ಅಲ್ಲಿಯ ಮುದುಕಿಯರ ಸೀರೆ. ಕಪ್ಪು ಒಡಲು, ಕೆಂಪು ಅಂಚು. ‘ಹಾಕು ಪಟಾಸಿ’ ಎಂದು ಅದರ ಹೆಸರು; ರೈತಾಪಿ ನೇವಾರ ಹೆಂಗಸರು ಮೀನಖಂಡದವರೆಗೆ ಬರುವಂತೆ ಉಡುತ್ತಾರೆ. ನನ್ನ ಅಜ್ಜಿ ಸಂಕ್ರಾಂತಿಗೆ ಉಡುತ್ತಿದ್ದ ಚಂದ್ರಕಾಳಿ ಸೀರೆ ನೆನಪಾಗಿ ಕರುಳು ಚುರ್ರೆಂದಿತು. ಬಿಸಿಲು ಕಾಯುತ್ತ ಜಗುಲಿಯ ಮೇಲೆ ಕುಳಿತಿದ್ದ ಒಬ್ಬ ಮುದುಕಿಯನ್ನು ಮಾತಾಡಿಸಿದೆ. ಅವಳಿಗೆ ನನ್ನ ಹಿಂದಿ ತಿಳಿಯಲಿಲ್ಲ. ಪಕ್ಕದಲ್ಲಿ ಜಾಗ ತೋರಿಸಿ ಕೂಡು ಎಂದು ಸನ್ನೆ ಮಾಡಿದಳು.

ಅರಮನೆಯ ಚೌಕದಲ್ಲಿ ನಮಗೊಬ್ಬ ಮಾರ್ಗದರ್ಶಿ ಸಿಕ್ಕಿದ. ನನ್ನನ್ನು ‘ಆಮಾ’ ಎಂದು ಕರೆಯುತ್ತಿದ್ದ ಒಳ್ಳೆಯ ಹುಡುಗ. ಭೂಪತೀಂದ್ರಮಲ್ಲ 1702ರಲ್ಲಿ ಕಟ್ಟಿಸಿದ ಐದಂತಸ್ತಿನ ನ್ಯಾತಪೋಲ ದೇಗುಲವನ್ನು ತೋರಿಸಿದ. ಮೆಟ್ಟಿಲ ಇಕ್ಕೆಲದಲ್ಲಿ ಕೆಳಗೆ ಜಟ್ಟಿಗಳು, ಅವರ ಮೇಲೆ ಆನೆಗಳು, ಅವುಗಳ ಮೇಲೆ ಸಿಂಹಗಳು, ಹೀಗೆ ಒಂದಕ್ಕಿಂತ ಒಂದು ಹತ್ತು ಪಟ್ಟು ಬಲಿಷ್ಠ ಎಂದು ನಂಬಿಕೆ. 1934ರ ಭೂಕಂಪಕ್ಕೂ 2015ರ ಭೂಕಂಪಕ್ಕೂ ಆ ದೇಗುಲ ಬೀಳಲಿಲ್ಲ. ಅರಮನೆಯ ಎದುರಿನ ವತ್ಸಲಾ ದೇವಸ್ಥಾನ ಮಾತ್ರ 2015ರ ಏಪ್ರಿಲ್ 25ರಂದು ನೆಲಕ್ಕೊರಗಿತ್ತು. ಊರಿನವರು ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ.

ಅನಂತರ ಅವನು ನಮ್ಮನ್ನು ಚಿನ್ನದ ಬಾಗಿಲಿನ ಮುಂದೆ ನಿಲ್ಲಿಸಿದ. ರಣಜಿತಮಲ್ಲನ ಕಾಲದಲ್ಲಿ, 1754ರ ಹೊತ್ತಿಗೆ ಮುಗಿದ ಕೆಲಸ. ತಾಮ್ರದ ಮೇಲೆ ಚಿನ್ನದ ಮೆರುಗು. ಅದನ್ನು ದಾಟಿ ಒಳಗೆ ಹೋದರೆ ಮಲ್ಲ ಅರಸರ ಕುಲದೇವತೆ ತಲೇಜುವಿನ ಸನ್ನಿಧಿ.

“ಆಮಾ, ಈ ದೇವಿಯ ಇನ್ನೊಂದು ಹೆಸರು ತುಳಜಾ ಭವಾನಿ. ನಿಮ್ಮ ಕಡೆಯಿಂದಲೇ ಬಂದವಳು. ಕರ್ಣಾಟ ವಂಶದ ಹರಿಸಿಂಹದೇವ 1324ರಲ್ಲಿ ಈ ಊರನ್ನು ಗೆದ್ದು ದೇವಿಯನ್ನು ಇಲ್ಲಿ ಸ್ಥಾಪಿಸಿದ,” ಎಂದ.

ನನಗೆ ರೋಮಾಂಚನವಾಯಿತು. ನಮ್ಮ ಮನೆದೇವರು ತುಳಜಾಪುರದ ಅಂಬಾಭವಾನಿ. ಹಿಮಾಲಯದ ಬುಡದಲ್ಲಿ ನಿಂತು, ಪರದೇಶದ ಹುಡುಗನ ಬಾಯಲ್ಲಿ ಮನೆದೇವರ ಹೆಸರನ್ನೂ ಕರ್ಣಾಟವೆಂಬ ಹೆಸರನ್ನೂ ಒಂದೇ ಉಸಿರಿಗೆ ಕೇಳುತ್ತೇನೆಂದು ಯಾರಿಗೆ ಗೊತ್ತಿತ್ತು? ಕ್ಯಾಮೆರಾ, ಚರ್ಮದ ಸಾಮಾನು ಹೊರಗಿಟ್ಟು ಒಳಚೌಕದವರೆಗೆ ಹೋಗಿ ಕೈಮುಗಿದೆವು. ಗರ್ಭಗುಡಿಯ ದೇವಿ ಎಲ್ಲರ ಕಣ್ಣಿಗೆ ಬೀಳುವವಳಲ್ಲ. ಹೊರಗೆ ಬಂದವಳೇ ಮಗಳಿಗೂ ಮೊಮ್ಮಗಳಿಗೂ ನಿಂತಲ್ಲೇ ಚಾಲುಕ್ಯರ ಪಾಠ ಶುರುಮಾಡಿದೆ. ಸ್ವಲ್ಪ ಹೊತ್ತು ಕೇಳಿ ಮಗಳು ನಕ್ಕಳು.

“ಅವ್ವ, ನೀನು ನಡಿಯೂದು ನೋಡಿದ್ರ ಈ ಊರು ನೀನೇ ಗೆದ್ದಂಗ ಕಾಣ್ತದ.”

ಮಾರನೆಯ ದಿನ ಪಶುಪತಿನಾಥ. ಅಲ್ಲಿ ಮೂಲವಿಗ್ರಹವನ್ನು ಮುಟ್ಟಿ ಪೂಜಿಸುವ ಭಟ್ಟರು ಪರಂಪರೆಯಿಂದ ದಕ್ಷಿಣದವರು, ಬಹುಮಟ್ಟಿಗೆ ನಮ್ಮ ಕರಾವಳಿಯ ಕಡೆಯವರು. ಆದರೆ ಆ ಭಟ್ಟರ ಪರಂಪರೆ ಬೇರೆ, ಭಕ್ತಪುರದ ಕರ್ಣಾಟರ ಕಥೆ ಬೇರೆ, ಎರಡನ್ನೂ ಕೂಡಿಸಬಾರದು. ಅಂದು ಭಾನುವಾರ. ಆಗ ನೇಪಾಳದಲ್ಲಿ ವಾರದ ರಜೆ ಶನಿವಾರವಾದ್ದರಿಂದ ಬೀದಿಯ ತುಂಬ ಸಮವಸ್ತ್ರ ತೊಟ್ಟ ಮಕ್ಕಳು. ಭಾನುವಾರ ಶಾಲೆಗೆ ಹೋಗುವವರನ್ನು ಕಂಡು ಮೊಮ್ಮಗಳಿಗೆ ಬಹಳ ಕನಿಕರ. ಸಂಜೆಯ ವಿಮಾನಕ್ಕೆ ದಿಲ್ಲಿಗೆ ಮರಳಿದೆವು.

ಊರಿಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಬೇಸಿಗೆ ರಜೆಯಲ್ಲಿ ಲೈಬ್ರರಿಯ ಪುಸ್ತಕಗಳನ್ನು ತರಿಸಿಕೊಂಡು ಕುಳಿತೆ. ಓದುತ್ತಾ ಹೋದಂತೆ ಮಾರ್ಗದರ್ಶಿ ಹೇಳಿದ ಕಥೆ ಅರ್ಧ ನಿಂತಿತು, ಅರ್ಧ ಬಿತ್ತು.

ನಿಂತ ಅರ್ಧ ಇದು. 1097ರಲ್ಲಿ, ವಿಕ್ರಮಾದಿತ್ಯ ಕಲ್ಯಾಣದಲ್ಲಿ ಆಳುತ್ತಿದ್ದಾಗಲೇ, ಮಿಥಿಲೆಯಲ್ಲಿ ನಾನ್ಯದೇವನೆಂಬವನು ಹೊಸ ರಾಜ್ಯ ಕಟ್ಟಿದ. ಅವನ ರಾಜಧಾನಿ ಸಿಮ್ರೌನ್‌ಗಢ. ಇಂದು ಬಿಹಾರದ ಗಡಿಗೆ ಅಂಟಿಕೊಂಡು ನೇಪಾಳದ ಬಾರಾ ಜಿಲ್ಲೆಯಲ್ಲಿದೆ. ಅವನು ತನ್ನನ್ನು ಕರ್ಣಾಟ ಕುಲದ ಭೂಷಣ ಎಂದು ಕರೆದುಕೊಂಡ. ಭರತನ ನಾಟ್ಯಶಾಸ್ತ್ರದ ಮೇಲೆ ‘ಭರತಭಾಷ್ಯ’ ಎಂಬ ಸಂಗೀತಗ್ರಂಥ ಬರೆದ ವಿದ್ವಾಂಸನೂ ಅವನೇ. ಬಂಗಾಳವನ್ನು ಆಳಿದ ಸೇನರೂ ತಮ್ಮ ಶಾಸನದಲ್ಲಿ ಮೂಲವನ್ನು ಕರ್ಣಾಟಕ್ಕೇ ಒಯ್ಯುತ್ತಾರೆ. ಚಾಲುಕ್ಯರ ಉತ್ತರದ ದಂಡಯಾತ್ರೆಗಳಲ್ಲಿ ಹೋದ ನಾಯಕರಲ್ಲಿ ಕೆಲವರು ಅಲ್ಲೇ ನೆಲೆಯೂರಿದರೆಂದು ಇತಿಹಾಸಕಾರರು ಊಹಿಸುತ್ತಾರೆ. ಹೋದವರೆಲ್ಲ ಮರಳಿ ಬರಲಿಲ್ಲ ಎಂಬುದು ಹೀಗೆ ತಿಳಿಯಿತು. ಹದಿಮೂರನೆಯ ಶತಮಾನದಲ್ಲಿ ಆ ದಾರಿಯಾಗಿ ಬಂದ ಟಿಬೆಟ್ಟಿನ ಭಿಕ್ಷು ಧರ್ಮಸ್ವಾಮಿ ಅಲ್ಲಿ ಕಂಡ ರಾಜಧಾನಿಗೆ ಏಳು ಸುತ್ತಿನ ಗೋಡೆ, ನೀರು ತುಂಬಿದ ಕಂದಕಗಳು ಇದ್ದುವೆಂದು ಹೇಳಿದ್ದಾನೆ. ಅದು ಸಿಮ್ರೌನ್‌ಗಢವೇ ಎಂದು ವಿದ್ವಾಂಸರು ಗುರುತಿಸುತ್ತಾರೆ.

ಬಿದ್ದ ಅರ್ಧ ಹರಿಸಿಂಹದೇವನ ವಿಜಯ. ಅವನು ಈ ವಂಶದ ಕೊನೆಯ ದೊಡ್ಡ ಅರಸ. 1324–25ರಲ್ಲಿ ದಿಲ್ಲಿಯ ಸುಲ್ತಾನ ಘಿಯಾಸುದ್ದೀನ್ ತುಘಲಕ್ ಬಂಗಾಳದಿಂದ ಮರಳುವಾಗ ಮಿಥಿಲೆಯ ಮೇಲೆ ಎರಗಿದ, ಸಿಮ್ರೌನ್‌ಗಢ ಹಾಳಾಯಿತು. ಅರಸ ಪರಿವಾರದೊಡನೆ ಬೆಟ್ಟಗಳತ್ತ ಓಡಿದ. ಹತ್ತೊಂಬತ್ತನೆಯ ಶತಮಾನದ ವಂಶಾವಳಿಗಳಲ್ಲಿ ಅವನು ಭಕ್ತಪುರವನ್ನು ಗೆದ್ದನೆಂದಿದೆ. ಆದರೆ ಘಟನೆಗೆ ಬಹು ಹತ್ತಿರದ, ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ತಾಳೆಗರಿಯ ಮೇಲೆ ಬರೆದ ಗೋಪಾಲರಾಜ ವಂಶಾವಳಿ ಬೇರೆಯದನ್ನೇ ಹೇಳುತ್ತದೆ. ಅರಸ ದೋಲಖಾದ ದಾರಿಯಲ್ಲಿ ತೀನ್‌ಪಾಟನ್ ಎಂಬಲ್ಲಿ ಸತ್ತ. ಅವನ ಮಗನನ್ನೂ ಮಂತ್ರಿಯನ್ನೂ ಸೆರೆಹಿಡಿದು, ಅವರ ಹಣವನ್ನೆಲ್ಲ ಕಸಿದುಕೊಂಡರು.

ಗೆದ್ದವರು ಯಾರೂ ಇರಲಿಲ್ಲ. ಇದ್ದವಳು ಒಬ್ಬ ವಿಧವೆ. ಹರಿಸಿಂಹದೇವನ ರಾಣಿ ದೇವಲದೇವಿ.

ಅವಳಿಗೆ ಭಕ್ತಪುರದ ಅರಸುಮನೆಯಲ್ಲಿ ಆಶ್ರಯ ಸಿಕ್ಕಿತು. ಆ ಮನೆಯ ರುದ್ರಮಲ್ಲ 1326ರಲ್ಲಿ ತೀರಿಕೊಂಡ. ಅವನ ಹಿಂದೆ ಉಳಿದದ್ದು ನಾಯಕದೇವಿ ಎಂಬ ಮಗಳು. ಮೊದಲ ಗಂಡನನ್ನು ಕಳೆದುಕೊಂಡ ಈ ನಾಯಕದೇವಿಯನ್ನು ದೇವಲದೇವಿಯ ಮಗ ಜಗತ್ಸಿಂಹ ಮದುವೆಯಾದ. ಅವನು ಕೆಲವೇ ದಿನ ಅಧಿಕಾರ ನಡೆಸಿ ಸೆರೆಗೆ ಬಿದ್ದ. 1347ರಲ್ಲಿ ನಾಯಕದೇವಿ ಹೆಣ್ಣು ಮಗುವನ್ನು ಹೆತ್ತು ಹತ್ತೇ ದಿನಕ್ಕೆ ಕಣ್ಣು ಮುಚ್ಚಿದಳು. ಆ ಕೂಸು ರಾಜಲ್ಲದೇವಿ. ಸಾಕಿದವಳು ಅಜ್ಜಿ ದೇವಲದೇವಿ.

ಆ ಮನೆಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಗಂಡ ಸತ್ತಿದ್ದಾನೆ, ಊರು ಹಾಳಾಗಿದೆ, ಮಗ ಸೆರೆಯಲ್ಲಿದ್ದಾನೆ, ಸೊಸೆ ಬಾಣಂತಿತನದಲ್ಲೇ ಹೋದಳು, ಮಡಿಲಲ್ಲಿ ಹತ್ತು ದಿನದ ಕೂಸು. ಸುತ್ತಲಿನ ಜನ ಆಡುವುದು ಅವಳು ಹುಟ್ಟಿ ಬೆಳೆದ ಮಾತಲ್ಲ, ನೇವಾರಿ. ಮಗುವಿಗೆ ಎರಡು ತುಂಬಿದಾಗ, 1349ರಲ್ಲಿ, ಬಂಗಾಳದ ಸುಲ್ತಾನ ಶಂಸುದ್ದೀನ್ ಇಲಿಯಾಸ್ ಕಣಿವೆಯ ಮೇಲೆ ಬಿದ್ದು ಪಶುಪತಿನಾಥನ ಗುಡಿಯನ್ನೂ ಬಿಡದೆ ಸೂರೆಮಾಡಿದ. ಅಷ್ಟೆಲ್ಲದರ ನಡುವೆ ಭಕ್ತಪುರದ ಆಡಳಿತದಲ್ಲಿ ದೇವಲದೇವಿಯ ಮಾತೇ ನಡೆಯುತ್ತಿತ್ತು. 1350ರ ದಶಕದ ನಡುವೆ ಅವಳು ದಕ್ಷಿಣದ ಕಡೆಯಿಂದ ಜಯಸ್ಥಿತಿಮಲ್ಲನೆಂಬ ವರನನ್ನು ಕರೆಸಿ ಮೊಮ್ಮಗಳ ಮದುವೆ ಮಾಡಿದಳು. ಹುಡುಗಿಗೆ ಏಳೋ ಎಂಟೋ ವರ್ಷ. ಶಿಕ್ಷಕಿಯಾಗಿ ಈ ಸಾಲನ್ನು ಓದುವಾಗ ನನಗೆ ಸಂಕಟವಾಯಿತು. ನನ್ನ ಮೊಮ್ಮಗಳ ವಯಸ್ಸು ಅದು, ಮೊಸರಿನ ಕುಡಿಕೆ ನೆಕ್ಕುವ ವಯಸ್ಸು. ದೇವಲದೇವಿಯನ್ನು ದೇವತೆ ಮಾಡುವ ಆಸೆ ನನಗಿಲ್ಲ. ನೆಲೆ ಕಳೆದುಕೊಂಡವಳು ನೆಲೆ ಉಳಿಸಿಕೊಳ್ಳಲು ತನ್ನ ಕೈಯಲ್ಲಿದ್ದುದನ್ನು ಬಳಸಿದಳು, ಇದ್ದದ್ದು ಆ ಮಗು. 1366ರಲ್ಲಿ ಅವಳು ತೀರಿಕೊಂಡಳು.

ಜಯಸ್ಥಿತಿಮಲ್ಲ 1382ರಲ್ಲಿ ಅರಸನಾದ. ಅವನ ಮತ್ತು ರಾಜಲ್ಲದೇವಿಯ ಮಕ್ಕಳಿಂದ ಬೆಳೆದ ಮಲ್ಲರ ವಂಶ, ಮೊಮ್ಮಗ ಯಕ್ಷಮಲ್ಲನ ನಂತರ ಮೂರು ಕವಲಾಗಿ, 1769ರಲ್ಲಿ ಪೃಥ್ವೀನಾರಾಯಣ ಶಾಹ ಭಕ್ತಪುರವನ್ನು ಹಿಡಿಯುವವರೆಗೆ ಆ ಕಣಿವೆಯನ್ನು ಆಳಿತು. ನಾನು ನೋಡಿ ಬಂದ ನ್ಯಾತಪೋಲ, ಚಿನ್ನದ ಬಾಗಿಲು ಎಲ್ಲವೂ ಈ ವಂಶದವರವೇ. ಕಾಠ್ಮಂಡುವಿನ ಪ್ರತಾಪಮಲ್ಲ (1641–1674) ಮೊದಲಾದವರು ಶಾಸನಗಳಲ್ಲಿ ತಾವು ಕರ್ಣಾಟ ವಂಶದ ನಾನ್ಯದೇವ, ಹರಿಸಿಂಹದೇವರ ಪೀಳಿಗೆಯೆಂದು ಬರೆಸಿಕೊಂಡರು. ಆದರೆ ಲೆಕ್ಕ ಹಾಕಿ ನೋಡಿ. ಆ ಅರಸರಿಗೂ ಹರಿಸಿಂಹದೇವನಿಗೂ ನಡುವಿನ ರಕ್ತಸಂಬಂಧದ ಕೊಂಡಿ ರಾಜಲ್ಲದೇವಿ, ಅವನ ಮೊಮ್ಮಗಳು. ಅವಳನ್ನು ಸಾಕಿ ಉಳಿಸಿದವಳು ಅಜ್ಜಿ. ಪಟ್ಟಿಯಲ್ಲಿ ಮೆರೆದವರು ಗಂಡಸರು, ಪಟ್ಟಿ ಹರಿದುಹೋಗದಂತೆ ಹಿಡಿದವರು ಇಬ್ಬರು ಹೆಂಗಸರು. ತಲೇಜು ದೇವಿ ಸಿಮ್ರೌನ್‌ಗಢದಿಂದ ಬಂದವಳೆಂಬ ನಂಬಿಕೆ ನಿಜವಾಗಿದ್ದರೆ, ಅರಸ ದಾರಿಯಲ್ಲೇ ಸತ್ತ ಮೇಲೆ ಅವಳನ್ನು ಊರು ಮುಟ್ಟಿಸಿದವರು ಯಾರಿರಬಹುದು? ತುಳಜಾ, ತಲೇಜು ಎಂಬ ಹೆಸರುಗಳ ಹೋಲಿಕೆಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಹೋಲಿಕೆಯೊಂದೇ ಸಾಕ್ಷಿಯಾಗದೆಂದು ಇತಿಹಾಸದ ಶಿಕ್ಷಕಿ ಹೇಳುತ್ತಾಳೆ. ಕೈಮುಗಿದವಳಿಗೆ ಅಷ್ಟು ಸಾಕಾಗಿತ್ತು.

ಇನ್ನು ಭಾಷೆಯ ಮಾತು. ನಾನ್ಯದೇವನ ಮನೆಯಲ್ಲಿ ಒಂದು ತಲೆಮಾರಾದರೂ ಕನ್ನಡ ಕೇಳಿಸಿರಬಹುದು. ಆದರೆ ಅವನ ವಂಶದ ಹರಿಸಿಂಹದೇವನ ಆಸ್ಥಾನದಲ್ಲಿ ಬೆಳಗಿದ್ದು ಮೈಥಿಲಿ. ಆ ಭಾಷೆಯ ಅತ್ಯಂತ ಹಳೆಯ ಗದ್ಯಕೃತಿಯೆಂದು ಹೆಸರಾದ ‘ವರ್ಣರತ್ನಾಕರ’ವನ್ನು ಬರೆದ ಜ್ಯೋತಿರೀಶ್ವರ ಠಾಕುರ ಅಲ್ಲಿಯವನು. ಮುಂದೆ ಭಕ್ತಪುರದ ಮಲ್ಲರು ತಮ್ಮ ಆಸ್ಥಾನದಲ್ಲಿ ಆಡಿಸಿದ್ದೂ ಮೈಥಿಲಿ ನಾಟಕಗಳನ್ನು. ಇನ್ನೂರು ಚಿಲ್ಲರೆ ವರ್ಷದಲ್ಲಿ ಕನ್ನಡದ ಒಂದು ಸೊಲ್ಲೂ ಉಳಿಯಲಿಲ್ಲ, ಕರ್ಣಾಟ ಎಂಬ ಹೆಸರು ಮಾತ್ರ ಉಳಿಯಿತು. ಇದು ಕನ್ನಡತಿಯಾದ ನನಗೆ ನೋವಿನ ಸಂಗತಿಯೇ. ಆದರೆ ಹೋದ ನೆಲದ ಮಾತನ್ನು ತಮ್ಮದಾಗಿಸಿಕೊಂಡು ಅದರಲ್ಲೇ ಮೊದಲ ಗದ್ಯ ಬರೆಯಿಸಿದ ಆ ಕರ್ಣಾಟರನ್ನು ಹೇಗೆ ದೂರಲಿ? ದಿಲ್ಲಿಯಲ್ಲಿ ಮಗಳನ್ನು ಚುಚ್ಚಿದ ನನ್ನ ಮಾತು ನನಗೇ ತಿರುಗಿ ತಾಗಿತು. ಪರಭಾಷೆಯ ಊರಿನಲ್ಲಿ ಮಗು ಬೆಳೆಸುವುದು ಎಷ್ಟು ಕಷ್ಟವೆಂದು ಅವಳು ನನಗೆ ಒಂದು ದಿನವೂ ಹೇಳಿಕೊಂಡಿರಲಿಲ್ಲ, ನಾನು ಕೇಳಿರಲಿಲ್ಲ.

ಹುಮನಾಬಾದಿನ ಹತ್ತಿರ ಜಲಸಂಗಿಯ ಗುಡಿಗೆ ನಮ್ಮ ಶಾಲೆಯ ಮಕ್ಕಳನ್ನು ಆಗಾಗ ಕರೆದುಕೊಂಡು ಹೋಗುತ್ತೇವೆ. ಅಲ್ಲಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ಬಳುಕಿ ನಿಂತು ವಿಕ್ರಮಾದಿತ್ಯನ ಹೊಗಳಿಕೆಯ ಶಾಸನವನ್ನು ಬರೆಯುತ್ತಿದ್ದಾಳೆ. ಶಾಸನಸುಂದರಿ ಎಂದು ಜನ ಕರೆಯುತ್ತಾರೆ. ವರ್ಷಗಳ ಹಿಂದೆ ಎಂಟನೆಯ ಇಯತ್ತೆಯ ಒಬ್ಬ ಹುಡುಗಿ ಅವಳ ಮುಂದೆ ನಿಂತು ಕೇಳಿದ್ದಳು.

“ಮೇಡಂ, ರಾಜನ ಹೆಸರು ಬರದಾಳ ಅಂದ್ರಿ. ಬರದಾಕಿ ಹೆಸರೇನ್ರಿ?”

“ಅದು ಪರೀಕ್ಷಾಕ ಬರೂದಿಲ್ಲ, ಮುಂದ ನಡಿ,” ಎಂದಿದ್ದೆ. ಬಸ್ಸಿಗೆ ಹೊತ್ತಾಗಿತ್ತು.

ಆ ಹುಡುಗಿ ಈಗ ಎಲ್ಲಿದ್ದಾಳೋ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗಿನ ಮಕ್ಕಳಿಗೆ ಕೊಡುತ್ತಿದ್ದೇನೆ. ವಿಕ್ರಮಾದಿತ್ಯನ ಪಾಠ ಮುಗಿದ ಮೇಲೆ ಹತ್ತು ನಿಮಿಷ ಉಳಿಸಿಕೊಂಡು, ಗೋಡೆಯ ಭೂಪಟದಲ್ಲಿ ಕಲ್ಯಾಣದಿಂದ ಮಿಥಿಲೆಗೆ, ಮಿಥಿಲೆಯಿಂದ ಭಕ್ತಪುರಕ್ಕೆ ಕಡ್ಡಿಯಿಂದ ಗೆರೆ ಎಳೆಯುತ್ತೇನೆ. ಹಲಗೆಯ ಮೇಲೆ ನಾಯಕದೇವಿ, ದೇವಲದೇವಿ, ರಾಜಲ್ಲದೇವಿ ಎಂದು ಮೂರು ಹೆಸರು ಬರೆಯುತ್ತೇನೆ. ಪರೀಕ್ಷೆಗೆ ಬರುವುದಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಆದರೂ ಹುಡುಗಿಯರು ಬರೆದುಕೊಳ್ಳುತ್ತಾರೆ.

ನನ್ನ ನಿವೃತ್ತಿಗೆ ಇನ್ನು ಹೆಚ್ಚು ದಿನಗಳಿಲ್ಲ. ದಿಲ್ಲಿಗೆ ಹೋಗುವುದೋ ಇಲ್ಲೇ ಇರುವುದೋ ಇನ್ನೂ ಗಟ್ಟಿ ಮಾಡಿಲ್ಲ. ಹೋದರೆ ಯಾರ ಬಳಿ ಮಾತಾಡಲಿ ಎಂದು ಮಾತ್ರ ಈಗ ಕೇಳುವುದಿಲ್ಲ. ದೇವರ ಮನೆಯ ಅಂಬಾಭವಾನಿಯ ಪಟವನ್ನು ಒಯ್ಯಲು ಒಂದು ಹತ್ತಿಯ ಚೀಲ ಹೊಲಿದಿಟ್ಟಿದ್ದೇನೆ. ಮಗಳಿಗೆ ಹೇಳಿಲ್ಲ. ಭಾನುವಾರದ ಫೋನಿನಲ್ಲಿ ಮೊಮ್ಮಗಳಿಗೆ ವಾರಕ್ಕೆ ಒಂದು ಕನ್ನಡ ಅಕ್ಷರ. ‘ಳ’ ಹೇಳಲು ನಾಲಗೆ ಇನ್ನೂ ಮಡಚುವುದಿಲ್ಲ. ‘ನಾನಿ, ಫಿರ್ ಸೆ’ ಎನ್ನುತ್ತಾಳೆ. ನಾನು ಮತ್ತೊಮ್ಮೆ ಹೇಳುತ್ತೇನೆ.